ಏರದ ಮುಳ್ಳು

ವರ್ಕ್‌ಶಾಪ್‌ನಿಂದ,
ಸೋಮವಾರ ಸಂಜೆ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಸೊಂಟನೋವು ಕಮ್ಮಿಯಾಯಿತೇ? ಹೊಸ ಮನೆಯ ಮೆಟ್ಟಿಲು ಕಡಿದು ಎಂದು ಗೊಣಗುತ್ತಿದ್ದೆಯಲ್ಲ, ಈಗ ರೂಢಿಯಾಗಿರಬೇಕು. ನಿನ್ನ ಹೆಂಡತಿ, ಮಗಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ನನಗೇನೂ ಧಾಡಿಯಿಲ್ಲ. ಉಗುರು ಸಂದಿಯ ಗ್ರೀಸು ಸೋಪಿಗೆ ಜಗ್ಗುವುದಿಲ್ಲ, ಕಾಗದದ ಅಂಚಿನಲ್ಲಿ ಕಪ್ಪು ಕಂಡರೆ ಮೂಗು ಮುರಿಯಬೇಡ.

ಗಾಡಿ ರಿಪೇರಿಯಾಯಿತು. ನೀನು ಊರು ಬಿಡುವಾಗ ಎಲ್ಲರೆದುರು ನಮ್ಮ ಗುಬ್ಬಿಗೆ ಕೊಟ್ಟೆಯಲ್ಲ, ನೀನು ಓಡಿಸುತ್ತಿದ್ದ ಅದೇ ವ್ಯಾನು. "ಇರೋಳು ಒಬ್ಳೇ ತಂಗಿ, ಇಷ್ಟೂ ಮಾಡ್ದಿದ್ರೆ ಅಣ್ಣ ಅನ್ನಿಸ್ಕೊಂಡು ಏನು ಬಂತು?" ಎಂದೆ. ಕೇಳಿದವರೆಲ್ಲ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ಸ್ಕೂಲು ಮಕ್ಕಳನ್ನು ಬಿಟ್ಟು ಕರೆತರುವ ಕೆಲಸ ಹಿಡಿದು ಸ್ವಂತ ಕಾಲ ಮೇಲೆ ನಿಲ್ಲುತ್ತೇನೆಂದು ಅವಳು ಕುಣಿದಾಡಿದಳು. ಇಂಜಿನ್ ಬಿಸಿ ತೋರಿಸುವ ಮುಳ್ಳನ್ನು ಬೆರಳಿಟ್ಟು ತೋರಿಸಿ, "ಇದು ಕೆಳಗಿರೋ ತನಕ ಏನೂ ಭಯ ಇಲ್ಲ" ಎಂದು ನೀನೇ ಪಾಠವನ್ನೂ ಹೇಳಿಕೊಟ್ಟೆ.

ಆಮೇಲೆ ಬಿಳಿ ಹೊಗೆ ಶುರುವಾಯಿತು. ಬೆಳಿಗ್ಗೆ ಮಾತ್ರ ಎಂದಳು. ಚಳಿಗೆ ಸೈಲೆನ್ಸರ್ ಒಳಗಿನ ತೇವ ಆವಿಯಾಗಿ ಹೋಗುವುದುಂಟು, ಬಿಸಿಯಾದ ಮೇಲೆ ತಾನೇ ನಿಲ್ಲುತ್ತದೆ ಅಂದೆ ನಾನು. ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಸ್ಕೂಲಿನ ಗೇಟಿನೆದುರೇ ಗಾಡಿ ಹೊಗೆ ಕಾರಿಕೊಂಡು ಕೆಟ್ಟು ನಿಂತಿತು. ಮಕ್ಕಳು ಕೆಮ್ಮುತ್ತಾ ಇಳಿದರು, ತಾಯಂದಿರು ಬಾಯಿಗೆ ಬಂದ ಹಾಗೆ ಅಂದರು, ಮಾರನೆಯ ದಿನದಿಂದ ಒಬ್ಬರೂ ಮಕ್ಕಳನ್ನು ಕಳಿಸಲಿಲ್ಲ. ಅವಳು ಅಳುತ್ತಾ ನಿನಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. "ಮುಳ್ಳು ಏರಿದ್ರೂ ಓಡಿಸಿದ್ದೀಯ. ಇಂಜಿನ್ ಸುಟ್ಟು ಹಾಕ್ದೆ. ನಿಂಗೆಲ್ಲ ಗಾಡಿ ಯಾಕೆ?" ಎಂದೆ ನೀನು. "ಮುಳ್ಳು ಏರ್ಲೇ ಇಲ್ಲ ಅಣ್ಣ, ನಾನು ನೋಡ್ತಾನೇ ಇದ್ದೆ" ಎಂದಳು. "ಮೇಲಿಂದ ಸುಳ್ಳು ಬೇರೆ" ಎಂದು ಫೋನ್ ಇಟ್ಟೆ.

ನಾನು ಗಾಡಿಯನ್ನು ವರ್ಕ್‌ಶಾಪಿಗೆ ಎಳೆಸಿಕೊಂಡು ಬಂದೆ. ಇಂಜಿನ್ ಚೆನ್ನಾಗಿ ಕಾದ ಮೇಲೂ ಹೊಗೆ ದಟ್ಟವಾಗಿಯೇ ಬರುತ್ತಿತ್ತು, ಅದರಲ್ಲೊಂದು ಸಿಹಿ ವಾಸನೆ. ಇಂಜಿನ್ ತಣ್ಣಗಿಡುವ ಕೂಲೆಂಟ್ ನೀರು ದಿನಾ ಇಳಿಯುತ್ತಿದೆ, ಕೆಳಗೆ ಒಂದು ತೊಟ್ಟೂ ಸೋರಿಲ್ಲ. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಒಳಗಿಂದ ಗುಳುಗುಳು ಗುಳ್ಳೆ. ಆಯಿಲ್ ಮುಚ್ಚಳದ ಒಳಬದಿ ಹಾಲು ಹೆಚ್ಚಾದ ಚಹಾದ ಬಣ್ಣ. ಹೆಡ್ ಗ್ಯಾಸ್ಕೆಟ್ ಹೋಗಿದೆ, ತಡೆ ತಪ್ಪಿ ಕೂಲೆಂಟ್ ಸಿಲಿಂಡರಿಗೆ ನುಗ್ಗಿ ಉರಿಯುತ್ತಿದೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಅಪ್ಪನ ಕೈಕೆಳಗೆ ನಾವಿಬ್ಬರೂ ಒಟ್ಟಿಗೇ ಕಲಿತವರು.

ನಾನು ಇಂಜಿನ್ನಿನ ಹೆಡ್ ಬಿಚ್ಚಿದೆ. ನೀರು ಹರಿಯುವ ದಾರಿಯಲ್ಲೆಲ್ಲ ಕಂದು ಬಣ್ಣದ ರವೆಯಂಥ ಗಸಿ, ಸೋರಿಕೆ ಮುಚ್ಚಲು ಹಾಕುವ ಪುಡಿ. ಗುಬ್ಬಿಗೆ ಬಾನೆಟ್ ತೆಗೆಯುವುದೇ ಗೊತ್ತಿಲ್ಲ, ಪುಡಿ ಎಲ್ಲಿಂದ ತರುತ್ತಾಳೆ? ಆಗಲೂ ನಿನ್ನ ಪರವಾಗಿಯೇ ಯೋಚಿಸಿದೆ, ಏನೋ ಸಣ್ಣ ಸೋರಿಕೆಗೆ ಹಾಕಿ ಮರೆತಿರಬೇಕು ಅಂದುಕೊಂಡೆ. ಆಮೇಲೆ ಮುಳ್ಳಿಗೆ ಹೋಗುವ ವೈರು ಕಣ್ಣಿಗೆ ಬಿತ್ತು. ಸೆನ್ಸರಿನಿಂದ ಕಿತ್ತು, ಪೈಪಿನ ಹಿಂದೆ ಸಿಕ್ಕಿಸಿ, ತುದಿಗೆ ಟೇಪು ಸುತ್ತಿತ್ತು. ಟೇಪಿನ ಕೊನೆಯನ್ನು ಬಿಚ್ಚಲು ಸುಲಭವಾಗಲೆಂದು ಸಣ್ಣ ಬಾಲದ ಹಾಗೆ ಮಡಚಿತ್ತು. ಹಾಗೆ ಮಡಚುವುದನ್ನು ಅಪ್ಪ ನಮಗೆ ಗೆಣ್ಣಿಗೆ ಕುಟ್ಟಿ ಕುಟ್ಟಿ ಕಲಿಸಿದ್ದು. ಅಪ್ಪ ಹೋದ ಮೇಲೆ ಹಾಗೆ ಮಡಚುವವರು ನಾವಿಬ್ಬರೇ, ಆ ಟೇಪು ನಾನು ಸುತ್ತಿದ್ದಲ್ಲ. ಸ್ಪ್ಯಾನರ್ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಇಂಜಿನ್ ಹೋಗಿದೆಯೆಂದು ನಿನಗೆ ಗೊತ್ತಿತ್ತು. ವೈರು ಕಿತ್ತು ಮುಳ್ಳು ಏರದ ಹಾಗೆ ಮಾಡಿ, ಅದನ್ನೇ ನೋಡಿಕೊಂಡು ಓಡಿಸು ಎಂದೆ. ಕಣ್ಣು ಕಟ್ಟಿ, ದಾರಿ ನೋಡಿಕೊಂಡು ಹೋಗು ಎಂದ ಹಾಗೆ. "ಗಾಡಿ ಸರಿಯಿಲ್ಲ, ಅಕ್ಕನ ಹತ್ರ ಒಂದ್ಸಲ ತೋರಿಸು" ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಾನೇನು ಇಲ್ಲ ಅನ್ನುತ್ತಿದ್ದೆನೇ? ದೊಡ್ಡ ದಾನಿ ಅನ್ನಿಸಿಕೊಳ್ಳುವ ಚಪಲ ನಿನಗೆ. ತಪ್ಪು ಅವಳ ತಲೆಗೆ ಕಟ್ಟಿ ಕೈ ತೊಳೆದುಕೊಂಡೆ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ ಕಣೋ.

ಬಾಗಿದ್ದ ಹೆಡ್ಡನ್ನು ಲೇತ್‌ನವನು ಸಮ ಮಾಡಿಕೊಟ್ಟ. ಗಸಿಯನ್ನೆಲ್ಲ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ ಬಿಗಿಸಿ, ವೈರು ಜೋಡಿಸಿದೆ. ಈಗ ಮುಳ್ಳು ಅರ್ಧಕ್ಕೆ ಏರಿ ನಿಲ್ಲುತ್ತದೆ, ಹೊಗೆಯ ಸುಳಿವಿಲ್ಲ. ಆದರೆ ಗುಬ್ಬಿ ಸ್ಟಿಯರಿಂಗ್ ಮುಟ್ಟುವುದಿಲ್ಲ. "ಬೇಡ ಅಕ್ಕ, ನನ್ನ ಕೈಗೆ ಬಂದ್ರೆ ಮತ್ತೆ ಸುಡುತ್ತೆ" ಎಂದು ಗೋಡೆಗೆ ಒರಗಿ ನಿಲ್ಲುತ್ತಾಳೆ. ಬಟ್ಟೆ ಅಂಗಡಿಯಲ್ಲಿ ಮಡಿಸುವ ಕೆಲಸ ಕೇಳಿ ಬಂದಿದ್ದಾಳೆ. ನಿನ್ನ ಮೇಲೆ ಅವಳಿಗೆ ಎಳ್ಳಷ್ಟೂ ಸಿಟ್ಟಿಲ್ಲ, "ಅಣ್ಣಂಗೆ ಎಷ್ಟು ಬೇಜಾರಾಯ್ತೋ" ಎಂದೇ ಕೊರಗುತ್ತಾಳೆ. ವೈರಿನ ವಿಷಯ ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಮಗಳಿಗೆ ನನ್ನ ಆಶೀರ್ವಾದ. ನಿನಗೂ ಒಳ್ಳೆಯದಾಗಲಿ ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಹಿರಿಯಳಾಗಿ ಹುಟ್ಟಿದ ತಪ್ಪಿಗೆ ಬರೆದಿದ್ದೇನೆ, ಒಳ್ಳೆಯದಾಗಲಿ.

ಇಂತಿ,
ನಿನ್ನ ಅಕ್ಕ

ವಿ.ಸೂ.: ಮಂಗಳವಾರ ಬೆಳಿಗ್ಗೆ. ಗುಬ್ಬಿಯ ಬಸ್ಸಿಗೆ ಹೊತ್ತಾಯಿತು, ಗೀಚುತ್ತಿದ್ದೇನೆ. ಇದನ್ನು ಅಂಚೆಗೆ ಹಾಕುತ್ತಿಲ್ಲ, ಗುಬ್ಬಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನಿನಲ್ಲಿ ಕೇಳಿದರೆ ಸಾಲದಂತೆ, ಎದುರಿಗೆ ಬಂದು ನಿನ್ನ ಕ್ಷಮೆ ಕೇಳಬೇಕಂತೆ. ನಾನು ತಡೆಯಲಿಲ್ಲ. ಲಕೋಟೆ ಅಂಟಿಸಿಲ್ಲ. ಆದರೂ ಓದಿರುವುದಿಲ್ಲ, ಅವಳು ಅಂಥವಳಲ್ಲ. ನೀನು ಓದಿ ಮುಗಿಸುವುದನ್ನೇ ಕಾಯುತ್ತಾ ಎದುರಿಗೆ ಕೂತಿರುತ್ತಾಳೆ. ಅವಳು ಬಾಯಿ ತೆರೆಯುವ ಮೊದಲೇ ವೈರಿನ ವಿಷಯ ನೀನೇ ಹೇಳಿಬಿಡು. ಆಗದಿದ್ದರೆ ಈ ಕಾಗದ ಅವಳ ಕೈಗೆ ಕೊಡು.