ಚಚಡಿಯಲ್ಲಿ ಮುಚ್ಚಿದ ಬಾಗಿಲು

ಪಂದ್ಯ ಕಟ್ಟಿದ ಅಕ್ಕನಿಗೆ,

ಕೈ ಜಡ್ಡುಗಟ್ಟಬಾರದೆಂದು ಈ ವಾರ ಮುಚ್ಚಿದ ಬಾಗಿಲುಗಳ ಫೋಟೊ ಮಾತ್ರ ತೆಗೆಯಬೇಕು, ಸೋತರೆ ನಿನ್ನ ಲೆನ್ಸ್ ನನಗೆ ಎಂದಿದ್ದೆಯಲ್ಲ? ಈ ಚಚಡಿ ಊರಲ್ಲಿ ಫೋಕಸ್ ಮಾಡುವಷ್ಟರಲ್ಲಿ ಬಾಗಿಲು ತೆರೆದು, ಒಳಗೆ ಕರೆದು, ಚಹಾ ಕೊಟ್ಟು, ಉಡಿ ತುಂಬಿ ಕಳಿಸುತ್ತಾರೆ. ಕ್ಯಾಮೆರಾ ಚೀಲದ ತುಂಬ ತೆಂಗಿನಕಾಯಿ, ಕುಪ್ಪಸದ ಖಣ.

ಇವತ್ತು ಕೆಂಚವ್ವ ಎಂಬ ಅಜ್ಜಿಗೆ, "ಒಂದೇ ನಿಮಿಷ ಬಾಗಿಲು ಹಾಕಿ" ಎಂದು ಕೈಮುಗಿದೆ.

"ಹಾಕತೇನಿ ತಗೋ. ಉಣ್ಣದ ಹೆಂಗ ಹೋಗ್ತಿ ನೋಡತೇನಿ!" ಎಂದವಳೇ ನನ್ನನ್ನು ಒಳಗೆಳೆದು ಚಿಲಕ ಜಡಿದು ರೊಟ್ಟಿ ಬಡಿಯಲು ಕುಳಿತಳು. ನಾನು ಕ್ಯಾಮೆರಾ ತೆಗೆದೆ.

ಹೊಟ್ಟೆ ಬಿರಿಯುತ್ತಿದೆ, ಉಳಿದಂತೆ ಆರೋಗ್ಯ. ಲೆನ್ಸ್ ಕೊಡುವುದಿಲ್ಲ. ಬಾಗಿಲಿನ ಫೋಟೊ ಹೊರಗಿನಿಂದಲೇ ತೆಗೆಯಬೇಕೆಂದು ನೀನೆಲ್ಲಿ ಹೇಳಿದ್ದೆ?

ಅವಸರದಲ್ಲಿ,
ನಿನ್ನ ತಂಗಿ