ಮುತ್ತಮ್ಮನ ಪಕ್ಕ ಕೂರಲು ಅಪ್ಪಣೆ ಕೊಡಿ

ಧರ್ಮಾಸ್ಪತ್ರೆಯ ಆಡಳಿತಾಧಿಕಾರಿಗಳೇ,

ಮಾನ್ಯರೇ, ನಿಮ್ಮ ಹೆಂಗಸರ ವಾರ್ಡಿನಲ್ಲಿ ಮುತ್ತಮ್ಮ ಎಂಬಾಕೆ ಊಟ ಬಿಟ್ಟು ಮಲಗಿದ್ದಾಳೆ. ಆಕೆಯ ಪಕ್ಕ ಕೂರುತ್ತಿದ್ದ ನನ್ನನ್ನು ನೀವು ಗೇಟಿನಾಚೆ ನಿಲ್ಲಿಸಿದ್ದೀರಿ. ಎದುರು ನಿಂತು ಬೇಡಿಕೊಂಡಾಯಿತು. ಈಗ ಊರೇ ಓದಲೆಂದು ಬರೆಯುತ್ತಿದ್ದೇನೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಿವೃತ್ತಿಯಾದ ಮೇಲೆ, ನೋಡಲು ಯಾರೂ ಬಾರದ ರೋಗಿಗಳ ಬಳಿ ದಿನಾ ಒಂದಿಷ್ಟು ಹೊತ್ತು ಕೂತು ಮಾತಾಡಿಸಿ ಬರುತ್ತಿದ್ದೆ. ಹಿಂದಿದ್ದ ಡಾಕ್ಟರೇ ಕರೆದು ಒಪ್ಪಿಸಿದ ಕೆಲಸ. ಇದಕ್ಕೆ ಸಂಬಳವಿಲ್ಲ, ಸಮವಸ್ತ್ರವಿಲ್ಲ. ನಿಮಗೆ ಅನುಮಾನ ಬಂದದ್ದು ಅದಕ್ಕೇ ಇರಬೇಕು.

ಮುತ್ತಮ್ಮ ಬಾಳೂರು ಕಡೆಯ ಎಸ್ಟೇಟಿನಲ್ಲಿ ಗೊಬ್ಬರದ ಮೂಟೆ ಹೊತ್ತು ಇಳಿಯುವಾಗ ಜಾರಿಬಿದ್ದು ಸೊಂಟ ಮುರಿದುಕೊಂಡವಳು. ಗಂಡನಿಲ್ಲ, ಮಕ್ಕಳಿಲ್ಲ. ಎಸ್ಟೇಟಿನ ಜೀಪು ತಂದು ಬಿಟ್ಟು ಹೋದದ್ದು ಮತ್ತೆ ಇತ್ತ ಸುಳಿಯಲಿಲ್ಲ. ಮೊದಮೊದಲು ಆಕೆ ಗೋಡೆಯ ಕಡೆ ತಿರುಗಿಯೇ ಇರುತ್ತಿದ್ದಳು. ನಾನು ನನ್ನ ಪಾಡಿಗೆ ಹರಟುತ್ತಿದ್ದೆ. ಒಮ್ಮೆ, ಸಾಹುಕಾರರೊಬ್ಬರು ಮೇಸ್ತ್ರಿಗೆ ಬೈಯಲೆಂದು ಕೇಳಿದ ಲೈನನ್ನು ನಾನು ತಪ್ಪಿ ಅವರ ಅತ್ತೆಗೆ ಕೊಟ್ಟ ಕಥೆ ಹೇಳಿದೆ. ಮುತ್ತಮ್ಮ ತಟ್ಟನೆ ಈ ಕಡೆ ತಿರುಗಿದಳು.

“ಆಮೇಲೇನಾಯ್ತಮ್ಮಾ?”

“ಆಗೋದೇನು ಮಾರಾಯ್ತಿ, ಅತ್ತೆ ಮನೆ ಬಾಗ್ಲೇ ಬಂದ್!”

ಸೊಂಟ ಹಿಡಿದುಕೊಂಡು ನಕ್ಕಳು. ಅಂದು ಗಂಜಿಯ ತಟ್ಟೆ ಖಾಲಿಯಾಯಿತು. ಕೆಲವೇ ವಾರಗಳಲ್ಲಿ ನನ್ನ ಹೆಗಲು ಹಿಡಿದು ಎದ್ದು ನಿಂತಳು.

ಅಷ್ಟರಲ್ಲಿ ಹೊಸ ಅಧಿಕಾರಿಯಾಗಿ ನೀವು ಬಂದಿರಿ, ನಿಮ್ಮ ಆಜ್ಞೆಯೂ ಬಂತು: ರಕ್ತಸಂಬಂಧಿಗಳಿಗೆ ಮಾತ್ರ ಪ್ರವೇಶ. ಗೇಟಿನ ಕೃಷ್ಣಪ್ಪ ತಲೆ ತಗ್ಗಿಸಿ, “ಒಳಗೆ ಬಿಟ್ರೆ ನನ್ ಕೆಲ್ಸ ಹೋಗ್ತದೆ ಅಮ್ಮಾ” ಎಂದ. ನಿಮ್ಮ ಕೋಣೆಗೆ ಬಂದೆ.

“ಆಕೆ ನಿಮಗೇನಾಗಬೇಕು?” ಎಂದಿರಿ.

“ಸ್ನೇಹಿತೆ.”

“ಅದೆಲ್ಲ ಸಂಬಂಧದಲ್ಲಿ ಬರಲ್ಲ ಕಣ್ರೀ,” ಎಂದು ನಕ್ಕಿರಿ.

ಮಾನ್ಯರೇ, ಸಂಬಂಧಿಗಳಿದ್ದಿದ್ದರೆ ಆಕೆಗೆ ನಾನೇಕೆ ಬೇಕಿತ್ತು? ಯಾರೂ ಇಲ್ಲದವಳಿಗೆ ಬಂಧುಗಳನ್ನು ಕರೆತಾ ಎನ್ನುವ ನಿಯಮವನ್ನು ಯಾವ ಧರ್ಮಶಾಸ್ತ್ರದಲ್ಲಿ ಓದಿದಿರಿ?

ಮರುದಿನ ಮಳೆಯಲ್ಲೇ ವಾರ್ಡಿನ ಹಿಂದೆ ಹೋಗಿ ಕಿಟಕಿಯಿಂದ ಕೂಗಿದೆ. ಮುತ್ತಮ್ಮ ಮಂಚದಿಂದಲೇ ಕೈ ಚಾಚಿದಳು. ಸರಳುಗಳ ನಡುವೆ ಆಕೆಯ ಬೆರಳು ನನ್ನ ಕೈಗೆ ಸಿಕ್ಕಿತು. ನೀವು ತಡೆದದ್ದನ್ನು ಹೇಳಿ ನೋಯಿಸದೆ, ನಾಳೆ ಬರ್ತೀನಿ ಎಂದಷ್ಟೇ ಹೇಳಿ ಬಂದೆ. ಅದರ ಮರುದಿನ ಆ ಕಿಟಕಿಗೆ ಹಲಗೆ ಹೊಡೆಸಿದಿರಿ. ಸೋಂಕು ತಡೆಯಲಿಕ್ಕಂತೆ. ಆ ಸೋಂಕು ನಾನೇ ಇರಬೇಕು.

ನಿನ್ನೆ ಸಂತೆಯಲ್ಲಿ ನಿಮ್ಮ ನರ್ಸ್ ಒಬ್ಬರು ಸಿಕ್ಕಿದ್ದರು. ದಯವಿಟ್ಟು ಅವರು ಯಾರೆಂದು ಹುಡುಕಬೇಡಿ. “ಗಂಜಿ ಮುಟ್ತಾ ಇಲ್ಲಮ್ಮಾ, ದಿನಾ ಇಳೀತಿದಾಳೆ. ‘ಅಮ್ಮೋರಿಗೂ ನಾನು ಸಾಕಾದೆ’ ಅಂತಾಳೆ” ಎಂದರು. ಕೈಯಲ್ಲಿದ್ದ ಚೀಲ ಅಲ್ಲೇ ಬಿಟ್ಟು ನಿಮ್ಮ ಗೇಟಿಗೆ ಓಡಿಬಂದೆ. ಗೇಟು ತೆರೆಯಲಿಲ್ಲ.

ನಾಳೆ ಬೆಳಿಗ್ಗೆ ನನ್ನನ್ನು ಒಳಗೆ ಬಿಡಿ. ಬೇಕಾದರೆ ಪಕ್ಕದಲ್ಲೇ ಕಾವಲು ನಿಲ್ಲಿಸಿ. ಅದೂ ನಿಮ್ಮಿಂದಾಗದಿದ್ದರೆ, ನೀವೇ ಹೋಗಿ ಆಕೆಯ ಮಂಚದ ಪಕ್ಕ ಕೂತು, “ಗಿರಿಜಮ್ಮ ಬರೋದು ಬಿಟ್ಟಿಲ್ಲ, ನಾನೇ ತಡೆದಿದ್ದೇನೆ” ಎಂದು ಹೇಳಿ. ಆಕೆಗೆ ಕಿವಿ ಕೇಳಿಸುತ್ತಿರುವಾಗಲೇ ಹೇಳಿ.

ಇಂತಿ,
ಬೇಡುವುದಕ್ಕೆ ಇನ್ನು ನಾಚಿಕೆ ಉಳಿಯದ
ಗಿರಿಜಾಂಬಾ
ಜುಲೈ ೨೦೦೪