ನಾನು ಕೇಳಿದ ಭೈರವಿ

ಬೆಟಗೇರಿ,
ಮೇ ೧೮, ೨೦೨೦, ಸೋಮವಾರ

ಪ್ರೀತಿಯ ಸಪ್ನವ್ವಾ,

ನಿನ್ನ ಅಪ್ಪನ ಆಶೀರ್ವಾದ. ಗಂಟಲು ಹೇಗಿದೆ? ನಿನ್ನೆ ಹಾಡಿನ ನಡುವೆ ಮತ್ತೆ ಮತ್ತೆ ಬಿಸಿನೀರು ಕುಡಿದೆ, ಅದಕ್ಕೆ ಕೇಳಿದೆ. ಈ ರೋಗದ ಕಾಲದಲ್ಲಿ ಯಾರು ಕೆಮ್ಮಿದರೂ ಎದೆ ಧಸಕ್ಕೆನ್ನುತ್ತದೆ. ಇಲ್ಲಿ ನಾನೂ ನಿನ್ನ ಅವ್ವನೂ ಆರಾಮ ಇದ್ದೇವೆ. ನೂಲು ಬರುವುದು ನಿಂತಿದೆ, ಮಗ್ಗವೂ ನಿಂತಿದೆ. ಕೈಗೆ ಕೆಲಸವಿಲ್ಲದಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ಅವಳು ದಿನಾ ಬಯ್ಯುತ್ತಾಳೆ. ಮುಂಡರಗಿಗೆ ಔಷಧಿ ಗಾಡಿ ಒಯ್ಯುವ ಕೊಟ್ರೇಶನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಫೋನು ಮಾಡಬಹುದಿತ್ತು. ನೀನು ಎತ್ತಿದರೆ ಏನು ಮಾತಾಡಲಿ ಎಂಬ ನಾಚಿಕೆ.

ನೀವು ಗಂಡ ಹೆಂಡತಿ ಮನೆಯಿಂದಲೇ ಫೋನಿನಲ್ಲಿ ಲೈವ್ ಕಛೇರಿ ಕೊಡುತ್ತೀರಿ ಎಂದು ಅವ್ವ ನಿನ್ನೆ ಬೆಳಗಿನಿಂದ ಓಣಿಗೆಲ್ಲ ಸಾರಿದ್ದಳು. ಸಂಜೆ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ, ಊದಿನಕಡ್ಡಿ ಹಚ್ಚಿ ಕುಳಿತಳು. ನಾನು ನೋಡುವುದಿಲ್ಲ ಎಂದಿದ್ದವನು ನೀನು ಬಾಯಿ ತೆರೆದ ಕೂಡಲೇ ಬಂದು ಕುಳಿತೆ. ಎಂಥ ಹಾಡು ಹಾಡಿದೆ ಮಗಳೇ! ನಮ್ಮ ಮನೆತನದಲ್ಲಿ ಜೋಗುಳ ಬಿಟ್ಟರೆ ಯಾರೂ ಹಾಡಿದವರಲ್ಲ. ಕೆಳಗೆ ಜನ 'ವಾಹ್ ವಾಹ್' ಎಂದು ಬರೆದದ್ದು ಸರಸರ ಮೇಲೇರುತ್ತಿತ್ತು. ಕಂಡವರೆಲ್ಲ ಬರೆಯುವಾಗ ಹೆತ್ತ ಅಪ್ಪ ಸುಮ್ಮನಿರಬೇಕೇ? ನನಗೂ ಸಂಗೀತ ಗೊತ್ತು ಎಂದು ತೋರಿಸುವ ಹುಕಿ ಬಂತು. ನನಗೆ ಗೊತ್ತಿರುವುದು ಒಂದೇ ರಾಗದ ಹೆಸರು. ಗದುಗಿನ ಅಹೋರಾತ್ರಿ ಕಛೇರಿಗಳಿಗೆ ನಿನ್ನ ಅವ್ವನನ್ನು ಕರೆದೊಯ್ದು, ಚಾಪೆಯ ಮೇಲೆ ಗೊರಕೆ ಹೊಡೆದು, ಬೆಳಗಾಗುವಾಗ ಅವಳು 'ಏಳ್ರಿ, ಭೈರವಿ ಹಾಡಾಕತ್ತಾರ' ಎಂದು ಅಲುಗಾಡಿಸಿದಾಗ ಕಣ್ಣುಜ್ಜಿಕೊಂಡು ಕೇಳಿದ್ದು. ಅಕ್ಷರ ಹುಡುಕಿ ಹುಡುಕಿ ಒತ್ತಿದೆ: 'ಭೈರವಿ ಹಾಡು ಮಗಳೇ. ನಿನ್ನ ಅಪ್ಪ ಪ್ರಲ್ಹಾದ, ಬೆಟಗೇರಿ.'

ನೀನು ಓದಿದೆ. ಪಕ್ಕದಲ್ಲಿ ತಬಲಾ ಮುಂದಿಟ್ಟುಕೊಂಡಿದ್ದ ನಿನ್ನ ಗಂಡ ರೋಹನನ ಮುಖ ನೋಡಿದೆ. ಅವನು ತಲೆಯಾಡಿಸಿದ. 'ಅಪ್ಪಾರ ಅಪ್ಪಣಿ ಆತು' ಎಂದು ಕೈಮುಗಿದು ಭೈರವಿ ಹಾಡಿದೆ, ಕಛೇರಿ ಮುಗಿಸಿದೆ. ನಾನು ಹಿಗ್ಗಿ ಹೀರೇಕಾಯಿ. 'ನೋಡಿದೇನು, ಅಪ್ಪನ ಮಾತ ಹೆಂಗ ನಡಸಿದ್ಳು!' ಎಂದು ಅವ್ವನ ಕಡೆ ತಿರುಗಿದರೆ ಅವಳ ಕಣ್ಣಲ್ಲಿ ನೀರು. 'ಭೈರವಿ ಹಾಡು ಅಂದ್ರ ಇನ್ನ ಸಾಕು, ಏಳ್ರಿ ಅಂದಂಗರೀ! ಅದರ ಮ್ಯಾಲ ಮತ್ತೇನೂ ನುಡಸಂಗಿಲ್ಲ. ಅಳಿಯಾಂದು ತಬಲಾ ಇನ್ನೂ ಬಾಕಿ ಇತ್ತಲ್ರಿ' ಎಂದಳು.

ಆಗಿನಿಂದ ಅನ್ನ ಸೇರಿಲ್ಲ. ತಬಲಾ ಬಾರಿಸುವವನಿಗೆ ಹೆಣ್ಣು ಕೊಟ್ಟೆನಲ್ಲ ಎಂದು ಮದುವೆಯಲ್ಲೇ ಮುಖ ಗಂಟು ಹಾಕಿಕೊಂಡಿದ್ದವನು ನಾನು. ಇವತ್ತಿನವರೆಗೆ ಅವನನ್ನು ಅಳಿಯಂದಿರೇ ಎಂದು ಒಮ್ಮೆಯೂ ಕರೆದಿಲ್ಲ. ಈಗ ಇಷ್ಟು ಜನರೆದುರು ಬೇಕೆಂದೇ ಅವನ ಕೈ ಕಟ್ಟಿಹಾಕಿದೆ ಎಂದು ನೀವಿಬ್ಬರೂ ತಿಳಿದಿರುತ್ತೀರಿ. ಯಾಕೆ ಹಾಗೆ ಮಾಡಿದಿರಿ ಎಂದು ಪಕ್ಕದ ಮನೆಯ ಅನ್ನಪೂರ್ಣವ್ವ ಕೇಳಿಯಾಳೆಂದು ಬೆಳಗಿನಿಂದ ಕದ ಹಾಕಿಕೊಂಡು ಕುಳಿತಿದ್ದೇನೆ. ನನಗೆ ಗೊತ್ತಿರಲಿಲ್ಲ ಮಗಳೇ. ಗೊತ್ತಿಲ್ಲದೆ ಆದ ತಪ್ಪು ಇದು.

ಹೊತ್ತಿಗೆ ಸರಿಯಾಗಿ ಉಣ್ಣು. ತಾಯಿ ಬನಶಂಕರಿ ನಿಮ್ಮ ಮನೆ ತಣ್ಣಗಿಡಲಿ.

ನಿನ್ನ ಅಪ್ಪ,
ಪ್ರಲ್ಹಾದ

ತಾ.ಕ.: ಕೊಟ್ರೇಶ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಬರೆದದ್ದು ಅರ್ಧ ಮಾತ್ರ ಖರೆ. ಭೈರವಿಯ ಅರ್ಥ ಗೊತ್ತಿರಲಿಲ್ಲ. ಆದರೆ 'ಈಗ ಇವರೊಬ್ಬರೇ ತಬಲಾ ಬಾರಸ್ತಾರ' ಎಂದು ನೀನು ಹೇಳಿದ್ದು ನನಗೆ ಸ್ಪಷ್ಟ ಕೇಳಿಸಿತ್ತು. ಅವನು ಸುತ್ತಿಗೆ ಹಿಡಿದು ತಬಲಾದ ಶ್ರುತಿ ಕೂಡಿಸುತ್ತಿದ್ದ. ಇವನದೇನು ಕೇಳುವುದು, ಮಗಳೇ ಇನ್ನೊಂದು ಹಾಡಲಿ ಎಂದೇ ಒತ್ತಿದೆ. ಇದನ್ನು ನಿನ್ನ ಅವ್ವನಿಗೂ ಹೇಳಿಲ್ಲ. ಬರುವ ರವಿವಾರ ತಬಲಾ ಮೊದಲು ಇರಲಿ, ಫೋನು ಅವ್ವನ ಕೈಯಲ್ಲಿರುತ್ತದೆ. ಈ ಪತ್ರ ನೀನೊಬ್ಬಳೇ ಓದಿ ಮಡಚಿಡಬೇಡ. ಅಳಿಯಂದಿರ ಕೈಗೆ ಕೊಡು.